ಲಾಝರಸ್ಸೋ, ಉಬಿನ್ನೋ? ಸಿಂಗಪುರದಿಂದ ಒಂದು ದಿನದ ದ್ವೀಪ ಸುತ್ತಾಟ

ಸಿಂಗಪುರದಲ್ಲಿ ಮನೆಮಂದಿಯೆಲ್ಲ ಗದ್ದಲದಿಂದ ಒಂದು ದಿನ ದೂರ ಹೋಗಬೇಕು ಅಂದರೆ ದೋಣಿ ಹತ್ತುವುದೇ ಒಳ್ಳೆಯದು. ದಕ್ಷಿಣಕ್ಕೆ ಸೇಂಟ್ ಜಾನ್ಸ್, ಲಾಝರಸ್, ಕುಸು ದ್ವೀಪಗಳು. ಈಶಾನ್ಯಕ್ಕೆ ಪುಲಾವ್ ಉಬಿನ್. ಎರಡೂ ಕಡೆ ಹೋಗಿಬಂದೆವು. ಎರಡೂ ಸಲ ಜೊತೆಗಿದ್ದವರು ಮಂಡಿನೋವಿನ ಅತ್ತೆ, ಆರು ವರ್ಷದ ಮಗಳು.

ದಕ್ಷಿಣದ ಫೆರಿ ಮರೀನಾ ಸೌತ್ ಪಿಯರ್‌ನಿಂದ ಹೊರಡುತ್ತದೆ. ಎಂಆರ್‌ಟಿ (ಮೆಟ್ರೋ ರೈಲು) ಇಳಿದರೆ ಪಿಯರ್ ಅಲ್ಲೇ. ದೊಡ್ಡ ದೋಣಿ, ಅರ್ಧ ಗಂಟೆಯಲ್ಲಿ ಸೇಂಟ್ ಜಾನ್ಸ್. ಅಲ್ಲಿಂದ ಲಾಝರಸ್‌ಗೆ ಸಮುದ್ರಕ್ಕೆ ಅಡ್ಡ ಕಟ್ಟಿದ ದಾರಿಯಲ್ಲಿ ನಡೆದೇ ಹೋಗಬಹುದು. ಅರ್ಧಚಂದ್ರದ ಹಾಗೆ ಬಾಗಿದ ಬಿಳಿ ಮರಳು, ಅಲೆಯೇ ಇಲ್ಲದ ನೀರು. ಮಗಳು ಎರಡು ಗಂಟೆ ಮೇಲೇಳಲಿಲ್ಲ. ಅತ್ತೆಗೆ ಮಾತ್ರ ಆ ಬಿಸಿಲಿನ ನಡಿಗೆ ಜಾಸ್ತಿಯಾಯಿತು. ಊಟ, ನೀರು ಮನೆಯಿಂದಲೇ ಹೊತ್ತಿದ್ದೆವು, ಅದು ಬಚಾವು. ಕುಸುವಿನಲ್ಲಿ ಆಮೆಗಳಿವೆ, ಚೀನೀ ದೇವಸ್ಥಾನವಿದೆ. ಗುಡ್ಡದ ಮೇಲಿನ ಮಲಯ್ ಗೋರಿಗಳಿಗೆ 152 ಮೆಟ್ಟಿಲು. ಅತ್ತೆ ಕೆಳಗೇ ಕೂತರು. ಫೆರಿಗೆ ಹೊತ್ತು ಗೊತ್ತುಮಾಡಿರುತ್ತಾರೆ, ಹಾಗಾಗಿ ಇಡೀ ದಿನ ನನ್ನ ಕಣ್ಣು ಗಡಿಯಾರದ ಮೇಲೇ.

ಉಬಿನ್‌ಗೆ ಆ ತಲೆನೋವಿಲ್ಲ. ಚಾಂಗಿ ಪಾಯಿಂಟ್ ದೋಣಿಕಟ್ಟೆಯಲ್ಲಿ 12 ಜನ ಸೇರಿದರೆ ಬಂಬೋಟ್ ಎಂಬ ಸಣ್ಣ ದೋಣಿ ಹೊರಟೇಬಿಡುತ್ತದೆ. ತಲೆಗೆ 4 ಡಾಲರ್ ಕೊಟ್ಟೆವು. ಸುಮಾರು ಹತ್ತು ನಿಮಿಷ, ಡೀಸೆಲ್ ವಾಸನೆ, ಮರದ ಬೆಂಚು. ದೋಣಿ ಅಲುಗಾಡುತ್ತಿರುತ್ತದೆ, ಹತ್ತುವಾಗ ವಯಸ್ಸಾದವರ ಕೈ ಹಿಡಿಯಲೇಬೇಕು.

ದಡದಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ನಾವು ಅತ್ತೆಗೋಸ್ಕರ ವ್ಯಾನ್ ಹಿಡಿದು ಸೀದಾ ದ್ವೀಪದ ಪೂರ್ವ ತುದಿಯ ಕೆಸರು ದಂಡೆ ಚೆಕ್ ಜಾವಾಕ್ಕೆ ಹೋದೆವು. 2001ರಲ್ಲಿ ಈ ಜಾಗಕ್ಕೆ ಮಣ್ಣು ತುಂಬುವವರಿದ್ದರು. ಜನ ಬೇಡವೆಂದರು, ಸರ್ಕಾರ ಆ ಯೋಚನೆಯನ್ನು ಮುಂದೂಡಿತು. ಸದ್ಯ ಉಳಿಯಿತಲ್ಲ ಅನಿಸಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಟ್ಟಿದ ಕಾಲುಹಾದಿಯಲ್ಲಿ ಮಗಳು ಕಂಬಿಗಳ ಸಂದಿಯಲ್ಲಿ ಮುಖ ಇಟ್ಟು ಕೂತುಬಿಟ್ಟಳು. ಕೆಳಗೆ ಕೆಸರಿನಲ್ಲಿ ಹೆಬ್ಬೆರಳಷ್ಟು ಏಡಿ. ಒಂದು ಕೈ ಕಡ್ಡಿಯಷ್ಟು, ಇನ್ನೊಂದು ಹೆಚ್ಚುಕಡಿಮೆ ಅದರ ಮೈಯಷ್ಟೇ ದೊಡ್ಡದು. ಆ ದೊಡ್ಡ ಕೈಯನ್ನು ಎತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ. ‘ಅಜ್ಜಿ, ನಮ್ಮನ್ನ ಕರೀತಿದೆ!’ ಅತ್ತೆಯೂ ಪಕ್ಕದಲ್ಲಿ ಕೂತರು. ಗಂಡು ಏಡಿ ಹೆಣ್ಣನ್ನು ಕರೆಯುವ ರೀತಿಯೇ ಅದು. ಮೂವರೂ ಎಷ್ಟು ಹೊತ್ತು ಕೂತಿದ್ದೆವೋ, ಗಡಿಯಾರ ನೋಡಲಿಲ್ಲ.

ಈಜುವ ಆಸೆಯಿದ್ದರೆ ಲಾಝರಸ್ಸೇ ಸರಿ, ಉಬಿನ್‌ನಲ್ಲಿ ಅಂಥ ದಂಡೆ ಇಲ್ಲ. ಮನೆಯ ಹಿರಿಯರೂ ಜೊತೆಗಿದ್ದರೆ ನನ್ನ ಓಟು ಉಬಿನ್‌ಗೆ. ಒಂದು ವಿಷಯ: ಹೊರಡುವ ಮುಂಚೆ ಸಮುದ್ರದ ಭರತ-ಇಳಿತದ ಪಟ್ಟಿ ನೋಡಿಕೊಳ್ಳಿ. ನೀರು 0.5 ಮೀಟರ್‌ಗಿಂತ ಕೆಳಗಿಳಿಯುವ ಹೊತ್ತಿಗೆ ಚೆಕ್ ಜಾವಾದಲ್ಲಿರಿ. ಭರತವಿದ್ದರೆ ಏಡಿ ಕಾಣುವುದು ಕಷ್ಟ. ಬಿಸ್ಕತ್ ಪೊಟ್ಟಣ ಚೀಲದ ಒಳಗೇ ಇರಲಿ, ಕೋತಿಗಳಿವೆ.