ಗಿಟ್ ವಿಮರ್ಶೆ: ಮರ್ಜ್ ಆಯಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ

ಹಲವರು ಸೇರಿ ಬರೆಯುವ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್ ಗಿಟ್. ಬೇರೆ ಬೇರೆಯಾಗಿ ಬರೆದದ್ದನ್ನು ಒಂದುಗೂಡಿಸುವುದೇ ಮರ್ಜ್. ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಅಂದುಕೊಳ್ಳಿ. ರೂಪಾಯಿಯಲ್ಲಿ ಮೊತ್ತ ತೆಗೆದುಕೊಳ್ಳುತ್ತಿದ್ದ ಫಂಕ್ಷನ್ನನ್ನು (ಒಂದು ಕೆಲಸ ಮಾಡುವ ಕೋಡಿನ ತುಣುಕು) ಒಬ್ಬರು ತಮ್ಮ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಕವಲು) ಪೈಸೆಗೆ ಬದಲಾಯಿಸಿ, ಅದನ್ನು ಬಳಸಿದ ಹಳೆಯ ಜಾಗಗಳನ್ನೆಲ್ಲ ಹುಡುಕಿ ತಿದ್ದುತ್ತಾರೆ. ಅದೇ ವಾರ ಇನ್ನೊಬ್ಬರು ಹೊಸ ಫೈಲೊಂದರಲ್ಲಿ ಅದೇ ಫಂಕ್ಷನ್ನಿಗೆ ರೂಪಾಯಿ ಕೊಟ್ಟು ಬರೆಯುತ್ತಾರೆ. ಇಬ್ಬರೂ ಮುಟ್ಟಿದ ಸಾಲುಗಳು ಬೇರೆ ಬೇರೆ, ಹಾಗಾಗಿ ಗಿಟ್ ತಕರಾರಿಲ್ಲದೆ ಮರ್ಜ್ ಮಾಡುತ್ತದೆ. 500 ರೂಪಾಯಿಯ ಬಿಲ್ಲು 5 ರೂಪಾಯಿಯಾಗಿ ಹೊರಬರುತ್ತದೆ.

ಇದು ಗಿಟ್‌ನ ದೋಷವಲ್ಲ. ಅದು ನೋಡುವುದು ಸಾಲುಗಳನ್ನು. ಆ ಸಾಲುಗಳ ಹಿಂದಿನ ಒಪ್ಪಂದ ಇರುವುದು ಬರೆದವರ ತಲೆಯಲ್ಲಿ. ತಂಡದಲ್ಲಿ 5 ಜನರಿದ್ದರೆ ಹೀಗೆ ಡಿಕ್ಕಿಯಾಗಬಲ್ಲ ಜೋಡಿಗಳು 10, 10 ಜನರಿದ್ದರೆ 45. ಸಾಫ್ಟ್‌ವೇರಿನ ನಿಜವಾದ ಕಷ್ಟ ಇರುವುದು ಇಲ್ಲಿ. ಯಾವ ಟೂಲ್ ತಂದರೂ ಈ ಲೆಕ್ಕ ಇಳಿಯುವುದಿಲ್ಲ.

ಉಳಿದ ಕಷ್ಟಗಳನ್ನು ಮಾತ್ರ ಗಿಟ್ ಅದ್ಭುತವಾಗಿ ಕಡಿಮೆ ಮಾಡಿದೆ. ಬಿಟ್‌ಕೀಪರ್ ಎಂಬ ಇಂಥದ್ದೇ ಸಾಫ್ಟ್‌ವೇರಿನ ಉಚಿತ ಬಳಕೆ ನಿಂತಾಗ, ಲಿನಕ್ಸ್ ಕರ್ನೆಲ್‌ಗಾಗಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಶುರು ಮಾಡಿದರು. ಬ್ರಾಂಚ್ ಎಂದರೆ ಒಂದು ಕಮಿಟ್‌ನ (ದಾಖಲಿಸಿಟ್ಟ ಒಂದು ಬದಲಾವಣೆ) 40 ಅಕ್ಷರದ ಗುರುತಷ್ಟೇ, ಆದ್ದರಿಂದ ಕಣ್ಣುಮಿಟುಕಿಸುವಷ್ಟರಲ್ಲಿ ಹುಟ್ಟುತ್ತದೆ. ನನ್ನ ಲೆಕ್ಕದಲ್ಲಿ ಇದರ ಅತಿ ದೊಡ್ಡ ಕೊಡುಗೆ ‘ಬೈಸೆಕ್ಟ್’. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ತೋರಿಸಿದರೆ ನಡುವಿನದನ್ನು ಅರ್ಧರ್ಧ ಮಾಡುತ್ತ ಹೋಗುತ್ತದೆ. 1,000 ಕಮಿಟ್‌ಗಳಿದ್ದರೂ ಸುಮಾರು 10 ಹೆಜ್ಜೆಯಲ್ಲಿ ತಪ್ಪು ಹೊಕ್ಕ ಜಾಗ ಸಿಗುತ್ತದೆ. ‘ಬೈಸೆಕ್ಟ್ ರನ್’ಗೆ ಟೆಸ್ಟ್ ಸ್ಕ್ರಿಪ್ಟ್ ಕೊಟ್ಟರೆ ತಾನೇ ಹುಡುಕುತ್ತದೆ. ಬಿಲ್ಡ್ ಆಗದ (ಓಡುವ ಪ್ರೋಗ್ರಾಂ ಆಗಿ ಸಿದ್ಧವಾಗದ) ಕಮಿಟ್ ಬಂದಾಗ ಸ್ಕ್ರಿಪ್ಟ್ 125 ಎಂಬ ಸಂಖ್ಯೆ ಹಿಂತಿರುಗಿಸಬೇಕು, ಆಗ ಅದನ್ನು ದಾಟಿ ಮುಂದೆ ಹೋಗುತ್ತದೆ. ಕಮಿಟ್‌ಗಳು ಚಿಕ್ಕದಾಗಿದ್ದರೆ ಮಾತ್ರ ಈ ಫಲ. 3,000 ಸಾಲಿನ ಕಮಿಟ್ ಸಿಕ್ಕರೆ ಹುಡುಕಾಟ ಮತ್ತೆ ಮೊದಲಿನಿಂದ.

ಕಾನ್‌ಫ್ಲಿಕ್ಟ್ (ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದಾಗ ಮರ್ಜ್‌ನಲ್ಲಿ ಬರುವ ತಕರಾರು) ಬಿಡಿಸುವವರು ಮೊದಲು ಸೆಟ್ಟಿಂಗ್‌ನಲ್ಲಿ ಕಾನ್‌ಫ್ಲಿಕ್ಟ್ ಸ್ಟೈಲನ್ನು ‘ಝೆಡ್‌ಡಿಫ್3’ ಮಾಡಿಕೊಳ್ಳಿ (2.35ನೇ ಆವೃತ್ತಿಯಿಂದ ಇದೆ). ಇಬ್ಬರ ಸಾಲುಗಳ ಜೊತೆಗೆ ಮೂಲದಲ್ಲಿ ಏನಿತ್ತು ಎಂಬುದೂ ಕಾಣುತ್ತದೆ. ಅದಿಲ್ಲದೆ ಯಾರು ಏನು ಬದಲಾಯಿಸಿದರೆಂದು ಊಹಿಸಿಯೇ ತಿದ್ದಬೇಕಾಗುತ್ತದೆ.

ಪೈಸೆ-ರೂಪಾಯಿಯಂಥ ತಪ್ಪಿಗೆ ಮದ್ದು ಗಿಟ್‌ನ ಹೊರಗಿದೆ. ಟೆಸ್ಟ್‌ಗಳನ್ನು ಬ್ರಾಂಚಿನ ಮೇಲಷ್ಟೇ ಅಲ್ಲ, ಮೇನ್ (ಎಲ್ಲರಿಗೂ ಸೇರಿದ ಮುಖ್ಯ ಬ್ರಾಂಚ್) ಜೊತೆ ಮರ್ಜ್ ಆದ ಕೋಡಿನ ಮೇಲೆ ಓಡಿಸಿ. ಬ್ರಾಂಚನ್ನು ಒಂದೆರಡು ದಿನಕ್ಕಿಂತ ಹೆಚ್ಚು ಬೆಳೆಯಲು ಬಿಡಬೇಡಿ. ಪೈಸೆಗೆ ಬರೀ ಸಂಖ್ಯೆ ಬಳಸದೆ ಬೇರೆ ಟೈಪ್ (ಮೌಲ್ಯದ ಬಗೆ) ಮಾಡಿದರೆ, ಕೋಡನ್ನು ಪ್ರೋಗ್ರಾಂ ಆಗಿ ಪರಿವರ್ತಿಸುವ ಕಂಪೈಲರ್ರೇ ತಡೆಯುತ್ತದೆ. ಅದೂ ಆಗದಿದ್ದರೆ ಫಂಕ್ಷನ್ನಿನ ಹೆಸರನ್ನಾದರೂ ಬದಲಾಯಿಸಿ; ಹಳೆಯ ಹೆಸರಿನಲ್ಲಿ ಕರೆದವರಿಗೆ ತಕ್ಷಣ ಎರರ್ ಬರಲಿ.

ಕಮಾಂಡ್‌ಗಳ ಗೊಂದಲಕ್ಕೆ ಮಾತ್ರ ಕ್ಷಮೆಯಿಲ್ಲ. ಬ್ರಾಂಚ್ ಬದಲಿಸುವುದಕ್ಕೂ ಫೈಲಿನ ಬದಲಾವಣೆ ಅಳಿಸಿಹಾಕುವುದಕ್ಕೂ ವರ್ಷಗಟ್ಟಲೆ ‘ಚೆಕೌಟ್’ ಒಂದೇ ಇತ್ತು. 2019ರಲ್ಲಿ ‘ಸ್ವಿಚ್’, ‘ರಿಸ್ಟೋರ್’ ಬಂದವು. ಹೊಸಬರಿಗೆ ಇವನ್ನೇ ಕಲಿಸಿ. ಕಮಿಟ್ ಮಾಡಿದ್ದು ಕೈತಪ್ಪಿದರೆ ‘ರೆಫ್‌ಲಾಗ್’ನಲ್ಲಿ (ಬ್ರಾಂಚ್ ಯಾವ ಯಾವ ಕಮಿಟ್‌ನಲ್ಲಿತ್ತು ಎಂಬ ದಿನಚರಿ) ಸಾಮಾನ್ಯವಾಗಿ 30 ದಿನವಾದರೂ ಸಿಗುತ್ತದೆ. ಕಮಿಟ್ಟೂ ಮಾಡದೆ, ‘ಆ್ಯಡ್’ (ಕಮಿಟ್‌ಗೆ ಮೊದಲಿನ ಹೆಜ್ಜೆ) ಕೂಡ ಮಾಡದೆ ಅಳಿಸಿದ್ದು ಗಿಟ್‌ನಲ್ಲಿ ಎಲ್ಲೂ ಉಳಿಯುವುದಿಲ್ಲ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ: ಏನೇನು ಬದಲಾಗಿದೆ ಎಂದು ತೋರಿಸುವ ‘ಸ್ಟೇಟಸ್’ ಕಮಾಂಡಿನಲ್ಲಿ ಹೆಸರಿನ ಬದಲು 340, 262 ಅಂತ ಅಂಕಿಗಳು ಕಂಡರೆ ಫೈಲ್ ಕೆಟ್ಟಿಲ್ಲ. ‘ಕೋರ್.ಕ್ವೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿ, ಅಕ್ಷರಗಳು ಸರಿಯಾಗಿ ಕಾಣುತ್ತವೆ.