ಮಧ್ಯಮ ದರ್ಜೆಯ ರೋಡ್ ಬೈಕೋ, ಮೇಲ್ದರ್ಜೆಯದೋ: ಗಾಲಿ ಅದಲುಬದಲು ಮಾಡಿ ನೋಡಿದ ಹೋಲಿಕೆ

ಹೋಲಿಕೆಗೆ ಇಟ್ಟುಕೊಂಡದ್ದು ಎರಡು ಸೈಕಲ್ಲು. ಮೊದಲನೆಯದು ಮಧ್ಯಮ ದರ್ಜೆಯದು: ಕಾರ್ಬನ್ ಫ್ರೇಮು, ಕೇಬಲ್ಲಿನಿಂದ ನಡೆಯುವ 12 ಸ್ಪೀಡಿನ (ಹಿಂದೆ 12 ಹಲ್ಲುಚಕ್ರ ಇರುವ) ಶಿಮಾನೊ 105 ಗೇರು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಅಲಾಯ್ ಗಾಲಿ, ಪೆಡಲ್ ಬಿಟ್ಟು 8.6 ಕೆ.ಜಿ. ಎರಡನೆಯದು ಮೇಲ್ದರ್ಜೆಯದು: ಅದೇ ಆಕಾರದ, ಇನ್ನೂ ಒಳ್ಳೆಯ ಕಾರ್ಬನ್ನಿನ ಫ್ರೇಮು, ಶಿಮಾನೊದ್ದೇ ಒಂದು ದರ್ಜೆ ಮೇಲಿನ ಅಲ್ಟೆಗ್ರಾ ಡಿಐ2 (ಬ್ಯಾಟರಿಯಿಂದ ನಡೆಯುವ ಗೇರು), 50 ಮಿ.ಮೀ. ಎತ್ತರದ ಕಾರ್ಬನ್ ರಿಮ್ಮು, ಸ್ಟೆಮ್ಮೂ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಕೂಡಿಸುವ ಕತ್ತು) ಹ್ಯಾಂಡಲ್ಲೂ ಒಂದೇ ತುಂಡು, 7.4 ಕೆ.ಜಿ. ಬೆಲೆ ಎರಡು ಪಟ್ಟಿಗೂ ಮೇಲೆ.

ಓಡಿಸುವ ಮುಂಚೆ ಎರಡರಲ್ಲೂ ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಇರುವ ದೂರ, ಟಯರಿನ ಗಾಳಿ ಒಂದೇ ಇರುವಂತೆ ಮಾಡಿಕೊಳ್ಳಬೇಕು. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಪೆಡಲಿನಲ್ಲಿದ್ದರೆ ಅದೇ ಪೆಡಲನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಅಳತೆಯಲ್ಲಿ ತಕರಾರು ಬರುವುದಿಲ್ಲ. ಇಷ್ಟು ಮಾಡದೆ ಅಂಗಡಿ ಮುಂದೆ ಎರಡು ಸುತ್ತು ಹೊಡೆದು 'ಇದು ಹಾರುತ್ತೆ' ಅಂದರೆ, ಹಾರಿದ್ದು ಸೈಕಲ್ಲಲ್ಲ, ಬಗ್ಗಿ ಕೂತ ಭಂಗಿ. ಸಮತಟ್ಟು ರಸ್ತೆಯಲ್ಲಿ ಎದುರಿಸುವ ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದ್ದೇ.

ಫ್ರೇಮು

ಅನೇಕ ಕಂಪನಿಗಳು ಒಂದೇ ಮಾದರಿಯನ್ನು ಎರಡು ಮೂರು ದರ್ಜೆಯ ಕಾರ್ಬನ್ನಿನಲ್ಲಿ ಮಾಡುತ್ತವೆ. ಆಕಾರವೂ ಜಿಯೋಮೆಟ್ರಿಯೂ (ಕೊಳವೆಗಳ ಉದ್ದ, ಕೋನ) ಒಂದೇ. ಮೇಲಿನ ದರ್ಜೆಯಲ್ಲಿ ನಾರು ಹೆಚ್ಚು ಗಡಸು, ಹಾಗಾಗಿ ಅದೇ ಬಿಗುವಿಗೆ ಕಡಿಮೆ ಪದರ ಸಾಕು. ಉಳಿಯುವುದು ಸಾಮಾನ್ಯವಾಗಿ 100ರಿಂದ 250 ಗ್ರಾಂ. ದಪ್ಪ ಬಣ್ಣ ಬಳಿದರೆ ಅದರಲ್ಲಿ ನೂರು ಗ್ರಾಂ ಹೋಗುವುದೂ ಉಂಟು.

ಎರಡಕ್ಕೂ ಒಂದೇ ಜೊತೆ ಗಾಲಿ ಹಾಕಿ ಓಡಿಸಿದಾಗ ಫ್ರೇಮಿನ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಎದ್ದು ನಿಂತು ತುಳಿದರೂ, ಇಳಿಜಾರಿನ ತಿರುವಿನಲ್ಲಿ ಒರಗಿಸಿದರೂ ಇದು ಯಾವುದು ಎಂದು ಖಚಿತವಾಗಿ ಹೇಳುವಂತಿರಲಿಲ್ಲ. 'ಮೇಲಿನದು ಮೃದು, ಕೆಳಗಿನದು ಕುಲುಕುತ್ತೆ' ಎಂಬ ಮಾತಿಗೆ ಬಹುಪಾಲು ಟಯರೇ ಕಾರಣ. 25 ಮಿ.ಮೀ. ಟಯರಿಗೆ 7 ಬಾರ್ ಒತ್ತಡದ ಗಾಳಿ ತುಂಬಿದರೆ ಯಾವ ಫ್ರೇಮೂ ಮೃದುವಲ್ಲ. 28 ಅಥವಾ 30ಕ್ಕೆ ಹೋಗಿ 5 ಬಾರ್‌ಗೆ ಇಳಿಸಿದರೆ ಅಲ್ಯೂಮಿನಿಯಂ ಸೈಕಲ್ಲೂ ಸುಖ ಕೊಡುತ್ತದೆ. ಆದ್ದರಿಂದ ಕೊಳ್ಳುವಾಗ ಕಾರ್ಬನ್ನಿನ ದರ್ಜೆಗಿಂತ ಮೊದಲು ಫ್ರೇಮಿನಲ್ಲಿ 32 ಮಿ.ಮೀ. ಟಯರು ಹಿಡಿಯುತ್ತದೆಯೇ ಎಂದು ಕೇಳಿ.

ತೂಕದ ಲೆಕ್ಕವನ್ನೂ ಹಾಕಿಬಿಡೋಣ. ಸವಾರ, ಸೈಕಲ್ಲು, ನೀರು ಎಲ್ಲ ಸೇರಿ 80 ಕೆ.ಜಿ., ಶೇ. 8ರ ಏರು, 10 ಕಿ.ಮೀ. ಉದ್ದ, 225 ವಾಟ್ ತುಳಿತ. ಹತ್ತಲು ಸುಮಾರು 50 ನಿಮಿಷ ಬೇಕು. ನಮ್ಮ ಎರಡು ಸೈಕಲ್ಲುಗಳ 1.2 ಕೆ.ಜಿ. ವ್ಯತ್ಯಾಸದಿಂದ ಉಳಿಯುವುದು ಮುಕ್ಕಾಲು ನಿಮಿಷದಷ್ಟು. ರೇಸಿನಲ್ಲಿ ಅದು ದೊಡ್ಡದು, ಭಾನುವಾರದ ಸವಾರಿಯಲ್ಲಿ ಏನೂ ಅಲ್ಲ. 750 ಮಿ.ಲೀ. ಬಾಟಲಿ ಎರಡು ತುಂಬಿಸಿಕೊಂಡರೆ ನೀರೇ 1.5 ಕೆ.ಜಿ. ಅಂದಹಾಗೆ, ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ರೇಸುಗಳಲ್ಲಿ 2000ದಿಂದಲೂ ಸೈಕಲ್ಲು 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ.

ಗಾಲಿ, ಟಯರು

ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಮಧ್ಯಮ ದರ್ಜೆಯ ಸೈಕಲ್ಲಿನ ಜೊತೆ ಬರುವ ಅಲಾಯ್ ಗಾಲಿ ಜೋಡಿ 1,800ರಿಂದ 2,000 ಗ್ರಾಂ ತೂಗುತ್ತದೆ, ಒಳ್ಳೆಯ ಕಾರ್ಬನ್ ಜೋಡಿ 1,400–1,500. ಸೈಕಲ್ಲುಗಳ ಒಟ್ಟು ತೂಕದ ಅಂತರದಲ್ಲಿ ಮೂರನೇ ಒಂದು ಪಾಲು ಗಾಲಿಯಲ್ಲೇ ಹೋಯಿತು.

ಗಾಲಿ ಅದಲುಬದಲು ಮಾಡುವುದು ಅಂದುಕೊಂಡಷ್ಟು ಸಲೀಸಲ್ಲ. ಗಾಲಿಯ ನಡುವಿನ ಹಬ್ಬಿನಿಂದ ಹಬ್ಬಿಗೆ ಡಿಸ್ಕು ಕೂರುವ ಜಾಗ ಕೂದಲೆಳೆಯಷ್ಟು ಬೇರೆ ಇರುತ್ತದೆ, ಹಾಕಿದ ಕೂಡಲೇ ಬ್ರೇಕು 'ಕಿರ್ ಕಿರ್' ಅಂತ ಉಜ್ಜುತ್ತದೆ. ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಎರಡೂ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಬ್ರೇಕ್ ಲಿವರನ್ನು ಗಟ್ಟಿಯಾಗಿ ಹಿಡಿದು, ಹಿಡಿದ ಹಾಗೆಯೇ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತ 6 ನ್ಯೂಟನ್ ಮೀಟರಿಗೆ ತನ್ನಿ. ಒಂದೇ ಸಲ ಒಂದು ಬೋಲ್ಟನ್ನು ಪೂರ್ತಿ ಬಿಗಿದರೆ ಕ್ಯಾಲಿಪರ್ ತಿರುಗಿ ಮತ್ತೆ ಉಜ್ಜುತ್ತದೆ. 105 ಮತ್ತು ಅಲ್ಟೆಗ್ರಾದ 12 ಸ್ಪೀಡ್ ಕ್ಯಾಸೆಟ್ಟುಗಳು (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು) ಹಳೆಯ 11 ಸ್ಪೀಡಿನ ಎಚ್‌ಜಿ ಫ್ರೀಹಬ್ಬಿಗೂ (ಕ್ಯಾಸೆಟ್ಟು ಕೂರುವ ಭಾಗ) ಕೂರುತ್ತವೆ. ಗೇರು ಸರಿಯಾಗಲು ಕೇಬಲ್ಲಿನ ಬಿಗುವು ಹೊಂದಿಸುವ ಅಡ್ಜಸ್ಟರನ್ನು ಕಾಲು ಸುತ್ತು ತಿರುಗಿಸಿದರೆ ಸಾಕಾದೀತು. ಶಿಮಾನೊದ ಎದುರಾಳಿ ಕಂಪನಿ ಸ್ರಾಮ್‌ನ ವೈರಿಲ್ಲದ ಗೇರು ಎಎಕ್ಸ್‌ಎಸ್‌ನ 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ಟಿಗೆ ಎಕ್ಸ್‌ಡಿಆರ್ ಎಂಬ ಬೇರೆ ಬಗೆಯ ಫ್ರೀಹಬ್ಬೇ ಬೇಕು.

ಮಧ್ಯಮ ಸೈಕಲ್ಲಿಗೆ ಕಾರ್ಬನ್ ಗಾಲಿ, ಮೇಲ್ದರ್ಜೆಯದಕ್ಕೆ ಅಲಾಯ್ ಗಾಲಿ. ಅಷ್ಟರಲ್ಲಿ ಇಬ್ಬರ ಸ್ವಭಾವವೂ ಅದಲುಬದಲು. ಚುರುಕಾಗಿ ಎದ್ದೋಡುತ್ತಿದ್ದದ್ದು ಈಗ ಮಧ್ಯಮದ್ದು, ದುಬಾರಿ ಸೈಕಲ್ಲು ಸಪ್ಪೆ. ಎತ್ತರದ ರಿಮ್ಮಿನ ಗಾಳಿ ಲಾಭ ಮಾತ್ರ ವೇಗ ಇದ್ದವರಿಗೆ. ಗಾಳಿ ತಡೆಗೆ ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಗಂಟೆಗೆ 40 ಕಿ.ಮೀ.ನಲ್ಲಿ 8 ವಾಟ್ ಉಳಿಸುವ ರಿಮ್ಮು 30ರಲ್ಲಿ ಉಳಿಸುವುದು 3–4 ವಾಟ್. ಬದಲಿಗೆ, ಪಕ್ಕದಿಂದ ಬೀಸುವ ಗಾಳಿಯಲ್ಲಿ, ಲಾರಿ ದಾಟಿಹೋಗುವಾಗ, ಮುಂದಿನ ಗಾಲಿ ಎಳೆದಾಡುತ್ತದೆ. ಹಗುರ ಸವಾರರಿಗೆ 50 ಮಿ.ಮೀ.ಗಿಂತ 35–40 ವಾಸಿ.

ಟಯರಿನ ಲಾಭಕ್ಕೆ ವೇಗದ ಹಂಗಿಲ್ಲ. ಮಧ್ಯಮ ಸೈಕಲ್ಲಿನ ಜೊತೆ ಬರುವುದು ಸಾಮಾನ್ಯವಾಗಿ ದಪ್ಪ ರಬ್ಬರಿನ, ತಂತಿ ಅಂಚಿನ ಟಯರು. ಅದನ್ನು ತೆಗೆದು ಒಳ್ಳೆಯ ರೇಸ್ ಟಯರು ಹಾಕಿದರೆ 30 ಕಿ.ಮೀ. ವೇಗದಲ್ಲಿ ಜೋಡಿಗೆ 10 ವಾಟಿನ ಆಸುಪಾಸು ಮಿಗುತ್ತದೆ. ಮಾಮೂಲಿ ಬ್ಯೂಟೈಲ್ ಟ್ಯೂಬು ನೂರು ಗ್ರಾಂ ಇದ್ದಲ್ಲಿ ಟಿಪಿಯು (ತೆಳು ಪ್ಲಾಸ್ಟಿಕ್) ಟ್ಯೂಬು 40 ಗ್ರಾಂ. ಈ ಎರಡು ಬದಲಾವಣೆಗೆ ಆಗುವ ಖರ್ಚು ಸೈಕಲ್ಲಿನ ಬೆಲೆಯ ಚಿಕ್ಕ ತುಣುಕು.

ದುಬಾರಿ ಗಾಲಿಯ ಒಂದು ಅಪಾಯ ಹೇಳಲೇಬೇಕು. ಹಲವು ಕಾರ್ಬನ್ ರಿಮ್ಮುಗಳು ಈಗ ಹುಕ್‌ಲೆಸ್. ಟಯರಿನ ಅಂಚನ್ನು ಹಿಡಿದಿಡುವ ಕೊಕ್ಕೆ ಅದರಲ್ಲಿ ಇಲ್ಲ. ಅವಕ್ಕೆ 5 ಬಾರ್, ಅಂದರೆ 72 ಪಿಎಸ್‌ಐ, ಮೀರಿ ಗಾಳಿ ಹಾಕುವಂತಿಲ್ಲ. ಒಳ ಅಗಲ 25 ಮಿ.ಮೀ. ಇರುವ ರಿಮ್ಮಿಗೆ ಕನಿಷ್ಠ 29 ಮಿ.ಮೀ. ಟಯರು ಬೇಕು, ಅದೂ ಹುಕ್‌ಲೆಸ್ಸಿಗೆ ಒಪ್ಪುವ ಟಯರು ಎಂದು ಅದರ ಮೇಲೆ ಬರೆದಿರಬೇಕು. ಹಳೆಯ ಅಭ್ಯಾಸದಲ್ಲಿ ನೂರು ಪಿಎಸ್‌ಐ ಹೊಡೆದರೆ ಟಯರು ರಿಮ್ಮಿನಿಂದ ಹಾರಿಹೋಗಬಹುದು. ತೂಕದ ಸವಾರರು ಕೊಕ್ಕೆ ಇರುವ ರಿಮ್ಮನ್ನೇ ಹುಡುಕುವುದು ಒಳ್ಳೆಯದು.

ಕಡ್ಡಿ ಮುರಿದಾಗ ಲೆಕ್ಕ ತಿರುಗುಮುರುಗು. ಅಲಾಯ್ ಗಾಲಿಯ ತಲೆ ಬಾಗಿದ ಕಡ್ಡಿಯನ್ನು ಉದ್ದ ಅಳೆದು ಎಲ್ಲಿ ಬೇಕಾದರೂ ತಂದು, ಗಾಲಿಯ ಔಟ್ (ಓಲಾಟ) ತೆಗೆಸಿ, ಅಂದೇ ಹೊರಡಬಹುದು. ದುಬಾರಿ ಗಾಲಿಗಳ ನೇರ, ಚಪ್ಪಟೆ ಕಡ್ಡಿಗೆ, ಅದರಲ್ಲೂ ಕಾರ್ಬನ್ ಕಡ್ಡಿಗೆ, ಕಂಪನಿಯ ದಾರಿ ಕಾಯಬೇಕು. ಕೊಳ್ಳುವ ದಿನವೇ ಎಡ, ಬಲ, ಮುಂದಿನದು ಎಂದು ಎರಡೆರಡು ಕಡ್ಡಿ ತೆಗೆದಿಟ್ಟುಕೊಂಡವರು ಜಾಣರು.

ಗೇರು

ಮೇಲ್ದರ್ಜೆಯದು ನಿಜವಾಗಿ ಗೆದ್ದ ಜಾಗ ಇದು. ಕೇಬಲ್ 105 ಹೊಸದಾಗಿದ್ದಾಗ ಯಾವ ಕೊರತೆಯೂ ಕಾಣುವುದಿಲ್ಲ. ಕಾಣುವುದು ಆಮೇಲೆ. ಈಗಿನ ಫ್ರೇಮುಗಳಲ್ಲಿ ಕೇಬಲ್ಲು ಹ್ಯಾಂಡಲ್ಲಿನ ಒಳಗೆ, ಅಲ್ಲಿಂದ ಹೆಡ್‌ಸೆಟ್ಟಿನ (ಹ್ಯಾಂಡಲ್ಲು ತಿರುಗುವ ಬೇರಿಂಗು) ಒಳಗೆ, ಮೂರು ನಾಲ್ಕು ಕಡೆ ಬಾಗಿಕೊಂಡು ಸಾಗುತ್ತದೆ. ಪ್ರತಿ ಬಾಗಿನಲ್ಲೂ ಉಜ್ಜಾಟ, ನೀರು ಹೊಕ್ಕರೆ ತುಕ್ಕು. ಸಣ್ಣ ಹಲ್ಲಿಗೆ ಇಳಿಯಲು ಚೈನು ತಡಮಾಡತೊಡಗಿದರೆ ಚೈನು ಸರಿಸುವ ಡಿರೇಲರನ್ನು ದೂರಬೇಡಿ, ಕೇಬಲ್ ಒಣಗಿದೆ.

ಇನ್ನೊಂದು ಖಾಯಿಲೆ ಬಲ ಲಿವರಿನ ಒಳಗೆ. ಕೇಬಲ್ಲಿನ ಗುಂಡು ತಲೆಯ ಪಕ್ಕದಲ್ಲಿ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಲಕ್ಷಣ ಏನೆಂದರೆ, ಸರಿಮಾಡಿದ ಗೇರು ಎರಡೇ ದಿನಕ್ಕೆ ಮತ್ತೆ ತಪ್ಪುತ್ತದೆ, ಮತ್ತೆ ಸರಿಮಾಡಿದರೆ ಮತ್ತೆ ತಪ್ಪುತ್ತದೆ. ಆಗ ಅಡ್ಜಸ್ಟರ್ ತಿರುಗಿಸುವುದನ್ನು ನಿಲ್ಲಿಸಿ ಕೇಬಲ್ ಹೊರಗೆಳೆದು ನೋಡಬೇಕು. ಪೂರ್ತಿ ತುಂಡಾದರೆ ತಲೆ ಲಿವರಿನೊಳಗೇ ಸಿಕ್ಕಿಕೊಂಡು, ಚಿಮಟ ಹಿಡಿದು ಹರಿದ ಎಳೆ ಹೆಕ್ಕುವ ಗೋಳು. 4,000–5,000 ಕಿ.ಮೀ.ಗೆ ಒಳ ಕೇಬಲ್ ಬದಲಿಸಿಬಿಟ್ಟರೆ ಈ ತಾಪತ್ರಯ ಇಲ್ಲ.

ಡಿಐ2ನಲ್ಲಿ ಇದ್ಯಾವುದೂ ಇಲ್ಲ. ಏರಿನ ಮಧ್ಯೆ, ಚೈನು ಬಿಗಿದಿರುವಾಗಲೇ ಮುಂದಿನ ದೊಡ್ಡ ಹಲ್ಲಿಗೆ ಏರಿಸಿದರೂ ತಕರಾರಿಲ್ಲದೆ ಏರುತ್ತದೆ. ಕೇಬಲ್ 105ರಲ್ಲಿ ಅದೇ ಕೆಲಸಕ್ಕೆ ಅರೆಕ್ಷಣ ತುಳಿತ ಸಡಿಲಿಸಬೇಕು. ಒಮ್ಮೆ ಚಾರ್ಜಿಗೆ ಸಾವಿರ ಕಿ.ಮೀ. ಆಸುಪಾಸು ಬರುತ್ತದೆ. ಬ್ಯಾಟರಿ ಮುಗಿಯುತ್ತ ಬಂದರೆ ಮೊದಲು ಮುಂದಿನ ಡಿರೇಲರ್ ನಿಲ್ಲುತ್ತದೆ, ಹಿಂದಿನದು ಇನ್ನಷ್ಟು ಹೊತ್ತು ನಡೆಯುತ್ತದೆ, ಅದೇ ಎಚ್ಚರಿಕೆ. ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗಿದರೆ ಮಾತ್ರ ಡಿಐ2 ಆಗಲಿ ಕೇಬಲ್ಲಾಗಲಿ ಪಾಡು ಒಂದೇ.

ಆದರೆ ಡಿಐ2 ಬೇಕೆಂದು ಅಲ್ಟೆಗ್ರಾಕ್ಕೆ ಹೋಗಬೇಕಿಲ್ಲ. 2022ರಿಂದ 105ರಲ್ಲೂ 12 ಸ್ಪೀಡಿನ ಡಿಐ2 ಇದೆ. ಗೇರು ಬೀಳುವ ರೀತಿಯಲ್ಲಿ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. 105ರದ್ದು ಸುಮಾರು ಕಾಲು ಕೆ.ಜಿ. ಹೆಚ್ಚು ಭಾರ, ಲಿವರಿನ ನೆತ್ತಿಯ ಮೇಲಿನ ಹೆಚ್ಚುವರಿ ಗುಂಡಿ ಇಲ್ಲ, ಅಷ್ಟೇ. ಸ್ರಾಮ್‌ನಲ್ಲೂ ರೈವಲ್, ಫೋರ್ಸ್, ರೆಡ್ ಎಂಬ ಮೂರು ದರ್ಜೆಗೂ ಒಂದೇ ಬ್ಯಾಟರಿ. ಏರುತ್ತ ಹೋದಂತೆ ಇಳಿಯುವುದು ಮುಖ್ಯವಾಗಿ ತೂಕ. ಶಿಮಾನೊದ ಎಲ್ಲಕ್ಕೂ ಮೇಲಿನ ದರ್ಜೆಯಾದ ಡ್ಯೂರಾ-ಏಸ್ ಕ್ಯಾಸೆಟ್ಟಿನ ದೊಡ್ಡ ಹಲ್ಲುಗಳು ಟೈಟಾನಿಯಂ: ಹಗುರ, ದುಬಾರಿ, ಉಕ್ಕಿಗಿಂತ ಬೇಗ ಸವೆಯುವಂಥವು. ದಿನಬಳಕೆಗೆ ಅದು ಸುಮ್ಮನೆ ದುಂದು. ಡ್ಯೂರಾ-ಏಸ್ ಸೈಕಲ್ಲಿಗೆ ಸವೆದಾಗ 105 ಅಥವಾ ಅಲ್ಟೆಗ್ರಾ ಕ್ಯಾಸೆಟ್ ಹಾಕಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಯಾವುದೇ ದರ್ಜೆಯಾಗಲಿ, ಚೈನು ಶೇ. 0.5 ಹಿಗ್ಗಿದ ಕೂಡಲೇ ಬದಲಿಸಿ.

ಬ್ರೇಕಿನ ವಿಷಯ ಚಿಕ್ಕದು. ಶಿಮಾನೊದ 105, ಅಲ್ಟೆಗ್ರಾ, ಡ್ಯೂರಾ-ಏಸ್ ಮೂರಕ್ಕೂ ಅದೇ ಮಿನರಲ್ ಎಣ್ಣೆ, ಅದೇ ಮಾದರಿಯ ಪ್ಯಾಡು. ನಿಲ್ಲುವ ದೂರದಲ್ಲಿ ಏನೂ ಭೇದ ಕಾಣಲಿಲ್ಲ. ಸ್ರಾಮ್ ರೋಡ್ ಬ್ರೇಕಿಗೆ ಬೇಕಾದದ್ದು ಡಾಟ್ (ಕಾರಿನ ಬ್ರೇಕಿಗೆ ಹಾಕುವ ಬಗೆಯ) ಎಣ್ಣೆ. ಒಂದರ ಎಣ್ಣೆ ಇನ್ನೊಂದಕ್ಕೆ ಹೋದರೆ ಸೀಲುಗಳು ಉಬ್ಬಿ ಬ್ರೇಕೇ ಕೆಡುತ್ತದೆ.

ಹ್ಯಾಂಡಲ್ಲು, ಬೇರಿಂಗು, ರಿಪೇರಿ

ಒಂದೇ ತುಂಡಿನ ಹ್ಯಾಂಡಲ್ಲು ನೋಡಲು ಚೆಂದ, ಗಾಳಿಗೂ ಒಳ್ಳೆಯದು. ಸೊಂಟ ನೋಯುತ್ತದೆ, ಸ್ಟೆಮ್ 10 ಮಿ.ಮೀ. ಗಿಡ್ಡ ಬೇಕು ಅಂದಾಗ ಅದರ ಬಣ್ಣ ಬಯಲು. ಮಧ್ಯಮ ಸೈಕಲ್ಲಿನಲ್ಲಿ ಬೋಲ್ಟುಗಳನ್ನು ಬಿಚ್ಚಿ, ಬೇರೆ ಸ್ಟೆಮ್ ಕೂರಿಸಿ, 5 ನ್ಯೂಟನ್ ಮೀಟರಿಗೆ ಬಿಗಿದರೆ ಮುಗಿಯಿತು. ಇಲ್ಲಿ ಇಡೀ ಹ್ಯಾಂಡಲ್ಲನ್ನೇ ಕೊಳ್ಳಬೇಕು, ಬ್ರೇಕಿನ ಪೈಪು ಒಳಗಿನಿಂದ ಹೋಗಿದ್ದರೆ ಅದನ್ನು ಬಿಚ್ಚಿ ಮತ್ತೆ ಎಣ್ಣೆ ತುಂಬಿ ಗಾಳಿಗುಳ್ಳೆ ತೆಗೆಯಬೇಕು. ಹೆಡ್‌ಸೆಟ್ಟಿನ ಮೇಲಿನ ಬೇರಿಂಗಿನದ್ದೂ ಇದೇ ಕಥೆ: ಬೆವರೂ ಮಳೆನೀರೂ ನೇರ ಅಲ್ಲಿಗೇ ಇಳಿಯುತ್ತವೆ, ಪೈಪು ಅದರ ನಡುವಿನಿಂದಲೇ ಹಾದಿರುವುದರಿಂದ ಸಣ್ಣ ಬೇರಿಂಗಿಗೆ ಅರ್ಧ ದಿನದ ಕೆಲಸ. ಅಂಥ ಸೈಕಲ್ಲನ್ನು ಕೊಳ್ಳುವುದೇ ಆದರೆ ಮೊದಲು ಹೊಂದಿಸಬಹುದಾದ ಸ್ಟೆಮ್ಮಿನಲ್ಲಿ ಅಳತೆ ಖಚಿತ ಮಾಡಿಕೊಂಡು, ಆಮೇಲೆ ಆರ್ಡರ್ ಕೊಡಿ.

ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ಅಚ್ಚು ತಿರುಗುವ ಬೇರಿಂಗು) ಮಾತ್ರ ಬೆಲೆ ನೋಡಿ ಬರುವುದಲ್ಲ. ದುಬಾರಿಯಲ್ಲೂ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಇರುತ್ತದೆ, ಅಗ್ಗದಲ್ಲೂ ತಿರುಪಿನ ಮರೆ ಇರುವ ಬಿಎಸ್‌ಎ ಇರುತ್ತದೆ. ಕೂರುವ ಜಾಗ ಸರಿಯಾದ ದುಂಡಗಿಲ್ಲದಿದ್ದರೆ ಪ್ರೆಸ್‌ಫಿಟ್ ತುಳಿತಕ್ಕೊಮ್ಮೆ ಕಿರುಗುಟ್ಟುತ್ತದೆ. ಬಿಎಸ್‌ಎ ಅಥವಾ ಅದರಂತೆಯೇ ತಿರುಪಿನ ಟಿ47 ಇದ್ದರೆ ಕಣ್ಣು ಮುಚ್ಚಿ ಒಪ್ಪಬಹುದು.

ರೇಸಿಗೆ ಇಳಿಯುವವರು, ಸಮತಟ್ಟಿನಲ್ಲಿ 35ರ ಮೇಲೆ ಓಡಿಸುವವರು ಮೇಲ್ದರ್ಜೆಯದನ್ನು ಕೊಂಡರೆ ಕೊಟ್ಟ ಹಣಕ್ಕೆ ಅರ್ಥ ಇದೆ. ಉಳಿದವರಿಗೆ ನಮ್ಮ ಆಯ್ಕೆ 105 ಡಿಐ2 ಇರುವ ಮಧ್ಯಮ ಫ್ರೇಮು, ಬಿಡಿ ಸ್ಟೆಮ್ಮು, ಒಳ್ಳೆಯ ಟಯರು, ಒಂದು ವರ್ಷ ಬಿಟ್ಟು ಕೊಕ್ಕೆ ಇರುವ ಕಾರ್ಬನ್ ಗಾಲಿ. ತೆಗೆದ ಅಲಾಯ್ ಗಾಲಿ ಮಳೆಗಾಲಕ್ಕೆ.

ಹೊಸ ಮಧ್ಯಮದ ಬೆಲೆಗೆ ಹಳೆಯ ಮೇಲ್ದರ್ಜೆಯದು ಸಿಗುತ್ತದೆ ಎಂಬ ಮೂರನೇ ದಾರಿಯೂ ಇದೆ. ಅಲ್ಲಿ ಮೊದಲು ನೋಡಬೇಕಾದದ್ದು ಕ್ರ್ಯಾಂಕು, ಅಂದರೆ ಪೆಡಲ್ ಹಿಡಿದಿರುವ ತೋಳು. 2012ರಿಂದ 2019ರ ಮಧ್ಯದವರೆಗೆ ತಯಾರಾದ 11 ಸ್ಪೀಡಿನ ಅಲ್ಟೆಗ್ರಾ (6800, ಆರ್8000) ಮತ್ತು ಡ್ಯೂರಾ-ಏಸ್ (9000, ಆರ್9100) ಕ್ರ್ಯಾಂಕುಗಳನ್ನು ಅಂಟಿಸಿದ ಜೋಡಣೆ ಬಿಟ್ಟುಕೊಳ್ಳಬಹುದೆಂದು 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ತಪಾಸಣೆಗೆ ವಾಪಸ್ ಕರೆಯಿತು. ಅದೇ ಕಾಲದ 105 ಕ್ರ್ಯಾಂಕು ಆ ಪಟ್ಟಿಯಲ್ಲಿ ಇರಲಿಲ್ಲ. ಚೈನನ್ನು ಕ್ರ್ಯಾಂಕಿನಿಂದ ಇಳಿಸಿ, ಬಲಗಡೆಯ ಒಳಬದಿಯನ್ನು ಬಟ್ಟೆಯಿಂದ ಒರೆಸಿ, ಎರಡು ಹೋಳು ಕೂಡುವ ಗೆರೆಯ ಮೇಲೆ ಟಾರ್ಚ್ ಬಿಡಿ. ಸಂದು ಕಂಡರೆ, ಉಗುರು ಸಿಕ್ಕಿಕೊಂಡರೆ, ಎದ್ದು ನಿಂತು ತುಳಿದಾಗ 'ಟಕ್' ಎಂದರೆ ಆ ಸೈಕಲ್ಲನ್ನು ಓಡಿಸಬೇಡಿ. ಏನೂ ಕಾಣದಿದ್ದರೂ ಕ್ರ್ಯಾಂಕಿನ ಹಿಂಬದಿಯ ಎರಡಕ್ಷರದ ಸಂಕೇತವನ್ನು ಬರೆದುಕೊಂಡು, ತಪಾಸಣೆ ಆಗಿದೆಯೇ ಎಂದು ಮಾರುವವರನ್ನು ಕೇಳಿ. ಆಗಿಲ್ಲದಿದ್ದರೆ ಅದು ಆದಮೇಲೆಯೇ ದುಡ್ಡಿನ ಮಾತು.