ಕಾರವಾರದ ಕಡೆ ಲೈವ್ ಮ್ಯೂಸಿಕ್ ಲೌಂಜ್‌ಗೆ ಹೋಗುವವರೇ, ಮೊದಲು ರೇಟ್ ಕೇಳಿ

ಮೆನುವಿನಲ್ಲಿ ರೇಟ್ ಇಲ್ಲದ ಮೀನನ್ನು ಆರ್ಡರ್ ಮಾಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಉಳಿದದ್ದು ನನ್ನ ಸಿಟ್ಟು.

ಜಾಗದ ಹೆಸರು ಹಾಕುವುದಿಲ್ಲ. ಸಮುದ್ರ ಕಾಣುತ್ತದೆ, ದೀಪ ಮಂದ, ಕುರ್ಚಿ ಮೆತ್ತಗೆ. ಹುಬ್ಬಳ್ಳಿಯಿಂದ ಅಕ್ಕ, ಭಾವ, ಅವರ ಮಗಳು ಬಂದಿದ್ದರು. ನಾನು, ನನ್ನ ಹೆಂಡತಿ ಸೇರಿ ಐದು ಜನ. ಒಂದು ಸಲ ಚೆನ್ನಾಗಿರೋ ಕಡೆ ಊಟ ಹಾಕಿಸೋಣ ಅಂತ ನಾನೇ ಕರೆದುಕೊಂಡು ಹೋದೆ.

ಮೆನುವಿನಲ್ಲಿ ಪಾಪ್ಲೆಟ್ ಮುಂದೆ ‘ಸೈಜ್ ಪ್ರಕಾರ’ ಅಂತ ಇತ್ತು. ನಮ್ಮ ಕಡೆ ಇದು ಹೊಸದಲ್ಲ. ಸಾಮಾನ್ಯವಾಗಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ಇದಕ್ಕೆ ಇಷ್ಟು ಅಂತ ಹೇಳುತ್ತಾರೆ, ನಾವು ಹೂಂ ಅಂದ ಮೇಲೆ ಒಳಗೆ ಹೋಗುತ್ತದೆ. ಇಲ್ಲಿ ತೋರಿಸಲೂ ಇಲ್ಲ, ಹೇಳಲೂ ಇಲ್ಲ. ‘ಇವತ್ತೇ ಬಂದಿದ್ದು ಸರ್’ ಅಂದರು. ಜುಲೈ ತಿಂಗಳು! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ ಅಂತ ಕಾರವಾರದ ಮಕ್ಕಳಿಗೂ ಗೊತ್ತು. ಕೇಳಿದ್ದಕ್ಕೆ ‘ನಾಡದೋಣಿಯವರು ತಂದಿದ್ದು ಸರ್’ ಅಂತ ತಕ್ಷಣ ಉತ್ತರ ಬಂತು. ಬಾಯಿಪಾಠ ಮಾಡಿದ ಹಾಗಿತ್ತು.

ಮುರುಗಲು ಹಾಕಿದ ಕಾಕ್‌ಟೇಲ್ ಮೆನುವಿನಲ್ಲಿ 650 ರೂಪಾಯಿ. ನಾಲ್ಕು ಹೇಳಿದೆವು. ‘ಪ್ರೀಮಿಯಂ ಹಾಕಲಾ ಸರ್?’ ಅಂತ ಹುಡುಗ ನಗುತ್ತಾ ಕೇಳಿದ. ಅತಿಥಿಗಳ ಮುಂದೆ ಬೇಡ ಅಂತ ಯಾರು ಹೇಳುತ್ತಾರೆ? ಆ ಒಂದು ‘ಪ್ರೀಮಿಯಂ’ಗೆ ಗ್ಲಾಸ್‌ಗೆ 500 ಜಾಸ್ತಿ. ಗ್ಲಾಸ್ ತುಂಬಾ ಐಸ್, ಎರಡು ಗುಟುಕಿಗೆ ಮುಗಿಯಿತು.

ಇನ್ನು ಲೈವ್ ಮ್ಯೂಸಿಕ್. ಒಬ್ಬ ಹುಡುಗ ಗಿಟಾರ್ ಹಿಡಿದು ನಾಲ್ಕು ಹಾಡು ಹೇಳಿದ, ಪಾಪ ಚೆನ್ನಾಗೇ ಹಾಡಿದ. ಆಮೇಲೆ ಎದ್ದು ಹೋದ. ನಂತರ ಸ್ಪೀಕರ್‌ನಲ್ಲಿ ರೆಕಾರ್ಡ್.

ಬಿಲ್ ಬಂತು. ಮರದ ಪುಟ್ಟ ಪೆಟ್ಟಿಗೆಯಲ್ಲಿ, ಸೋಂಪಿನ ಜೊತೆ. 13,398 ರೂಪಾಯಿ. ಮೀನಿಗೇ 2,800. ಲೈವ್ ಮ್ಯೂಸಿಕ್ ತಲೆಗೆ 300, ಐದು ತಲೆಗೆ 1,500. ಜ್ಯೂಸ್ ಕುಡಿದ ಮಗುವಿಗೂ 300! ಅದರ ಮೇಲೆ ಹತ್ತು ಪರ್ಸೆಂಟ್ ಸರ್ವೀಸ್ ಚಾರ್ಜ್. ಅದೆಲ್ಲದರ ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ, ಕಾಕ್‌ಟೇಲನ್ನೂ ಸೇರಿಸಿ. ಕುಡಿಯುವ ಮದ್ಯ ಜಿಎಸ್‌ಟಿ ಒಳಗೆ ಬರುವುದೇ ಇಲ್ಲ ಸ್ವಾಮಿ.

ಮ್ಯಾನೇಜರ್‌ನ ಕರೆಸಿದೆ.

‘ಮ್ಯೂಸಿಕ್ ಚಾರ್ಜ್ ಮೆನುವಿನ ಕೊನೇ ಪುಟದಲ್ಲಿದೆ ಸರ್.’ ಇತ್ತು. ಇರುವೆಯಷ್ಟು ಅಕ್ಷರ, ಆ ಮಂದ ಬೆಳಕಿನಲ್ಲಿ.

‘ಮೀನಿನ ತೂಕ ಎಷ್ಟು?’ ಅಂದೆ. ‘ಕಿಚನ್‌ನವರಿಗೆ ಗೊತ್ತು ಸರ್.’

‘ಮದ್ಯಕ್ಕೆ ಜಿಎಸ್‌ಟಿ ಹೇಗೆ?’ ‘ಸಿಸ್ಟಮ್‌ನಲ್ಲೇ ಬರುತ್ತೆ ಸರ್.’

ಆಮೇಲೆ ಒಂದು ಮಾತು ಹೇಳಿದರು ನೋಡಿ, ಇನ್ನೂ ಉರಿಯುತ್ತಿದೆ. ‘ಸರ್, ಇದು ಮಾಮೂಲಿ ಹೋಟೆಲ್ ಅಲ್ಲ. ಗೋವಾದಲ್ಲಿ ಎಷ್ಟಿರುತ್ತೆ ಗೊತ್ತಾ?’ ಮಾಜಾಳಿ ದಾಟಿದರೆ ಗೋವಾನೇ. ಗೋವಾ ರೇಟ್ ಕೊಡುವುದಾದರೆ ಅಲ್ಲಿಗೇ ಹೋಗುತ್ತಿದ್ದೆವು, ಅಲ್ವಾ?

ಅಷ್ಟರಲ್ಲಿ ಭಾವ ಪರ್ಸ್ ತೆಗೆದರು. ‘ಇರ್ಲಿ ಬಿಡಪಾ, ನಾ ಕೊಡ್ತೇನಿ.’ ಪಕ್ಕದ ಟೇಬಲ್‌ನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇವರು ನಂಬಿಕೊಂಡಿರುವುದೇ ಈ ಮರ್ಯಾದೆಯನ್ನು. ಮನೆಯವರ ಮುಂದೆ ಯಾರೂ ಜಗಳ ಮಾಡುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಸರ್ವೀಸ್ ಚಾರ್ಜನ್ನು ಹೇಳದೆ ಕೇಳದೆ ಬಿಲ್‌ಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದನ್ನು ಹೇಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ ಅದೊಂದನ್ನು ತೆಗೆದರು. ಅದೂ ‘ನಿಮಗೋಸ್ಕರ ಸರ್’ ಅಂತ! 12,180 ಕೊಟ್ಟು ಹೊರಗೆ ಬಂದೆ. ನಾನೇ ಕೊಟ್ಟೆ, ಭಾವನಿಗೆ ಕೊಡಲು ಬಿಡಲಿಲ್ಲ.

ಕೂರುವ ಮೊದಲೇ ಮ್ಯೂಸಿಕ್‌ಗೆ ದುಡ್ಡು ಇದೆಯಾ ಕೇಳಿ. ಮೀನನ್ನು ಎದುರಿಗೇ ತೂಕ ಮಾಡಿಸಿ. ಪ್ರೀಮಿಯಂ ಅಂದರೆ ‘ಎಷ್ಟು’ ಅನ್ನಿ. ನಾಚಿಕೆ ಬೇಡ, ಅವರಿಗೇ ಇಲ್ಲ.

ಮರುದಿನ 1915ಕ್ಕೆ ದೂರು ಕೊಟ್ಟೆ. ಲೌಂಜ್‌ನ ವಾಟ್ಸಾಪ್‌ಗೂ ಬಿಲ್ ಕಳಿಸಿದೆ. ‘ಕ್ಷಮಿಸಿ ಸರ್, ಮುಂದಿನ ಸಲ ಬಂದಾಗ ಒಂದು ಮಾಕ್‌ಟೇಲ್ ಫ್ರೀ’ ಅಂತ ಉತ್ತರ ಬಂತು. ಅದಕ್ಕೂ ಮ್ಯೂಸಿಕ್ ಚಾರ್ಜ್ ಇರುತ್ತಾ ಅಂತ ಕೇಳಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.